ಮುಂದಿನ ಸಲ ಬಿಚ್ಚುವವರಿಗೆ

ದೇಚಮ್ಮನವರ ಕಾರು ಗೋಣಿಕೊಪ್ಪದ ತಿರುವಿನಲ್ಲಿರುವಾಗಲೇ
ಶೆಡ್ಡಿನೊಳಗಿನ ನನಗೆ ಕೇಳಿಸುತ್ತದೆ.
ಈ ಸಲದ ಸದ್ದು ಬೇರೆ.
ನಿಂತಲ್ಲಿ ಗೊರಗೊರ, ಒಣ ಕಾಫಿಬೀಜ
ತಗಡಿನ ಡಬ್ಬದಲ್ಲಿ ಕುಲುಕಿದ ಹಾಗೆ;
ಆಕ್ಸಿಲರೇಟರು ಒತ್ತಿದರೆ ಮಾಯ.
"ಮಾಕುಟ್ಟದ ಏರಿನಲ್ಲಿ ಹಿಂದೆ ಹಾಕಿತು, ಹಂಸ,
ನನ್ನನ್ನು! ಮರದ ಲಾರಿ!"
ಅರವತ್ತೊಂದರ ಹೆಂಗಸು, ಒಂದು ಕಾಲಕ್ಕೆ
ಮೂರು ರ‍್ಯಾಲಿ ಗೆದ್ದವರು.
ಅವಮಾನಕ್ಕೆ ಎರಡು ಕಿವಿಯೂ ಕೆಂಪು.

ಬಾನೆಟ್ಟು ಎತ್ತಿದೆ. ಸೂಪರ್‌ಚಾರ್ಜರು.
ಗೊತ್ತಿಲ್ಲದವರಿಗೆ ಹೇಳುವುದಾದರೆ
ಒಂದು ಪೆಟ್ಟಿಗೆ, ಒಳಗೆ ಎರಡು ತಿರುಚಿದ ಉರುಳೆ,
ಒಂದರ ಹಳ್ಳಕ್ಕೆ ಇನ್ನೊಂದರ ದಿಣ್ಣೆ.
ಮುಟ್ಟದೆ ತಿರುಗಬೇಕು, ಕೂದಲೆಳೆ ಬಿಟ್ಟು,
ಗಾಳಿ ಹಿಡಿದು ಹಿಡಿದು ಇಂಜಿನಿಗೆ ತುರುಕಬೇಕು,
ಸಾಕು ಅಂದ ಎಲೆಗೇ ಮತ್ತೆ ಬಡಿಸುವ
ಸೋದರತ್ತೆಯ ಹಾಗೆ.

ಮೈಮೇಲೆ ಚೀಟಿ: ಬಿಚ್ಚಬಾರದು, ಆಯುಷ್ಯಪೂರ್ತಿ ಸೀಲ್.
ಯಾರ ಆಯುಷ್ಯ ಎಂದು ಬರೆದಿರಲಿಲ್ಲ.
ಕಂಪನಿಗೆ ಫೋನು ಮಾಡಿದೆವು. ಹುಡುಗಿ ಮೃದುವಾಗಿ ಅಂದಳು,
ಆ ಮಾಡೆಲ್ಲು ನಿಂತು ಹನ್ನೊಂದು ವರ್ಷ,
ಬೇರಿಂಗು ಮಾತ್ರ ಬಿಡಿಯಾಗಿ ಕೊಡುವುದಿಲ್ಲ,
ಗೋದಾಮಿನಲ್ಲಿ ಒಂದು ಹೊಸದಿದೆ, ಬೆಲೆ ಇಷ್ಟು.
ದೇಚಮ್ಮ ನಕ್ಕರು: "ಆ ದುಡ್ಡಿಗೆ ಕಾರೇ ಬರ್ತದೆ,
ಡ್ರೈವರ್ ಸಮೇತ."

ಕೊಯಮತ್ತೂರಿನಿಂದ ಗೋಣಿಚೀಲದಲ್ಲಿ ಬಂತು ಇನ್ನೊಂದು.
ಬೇರೆ ಕಂಪನಿ, ಮೂಗು ಸ್ವಲ್ಪ ಉದ್ದ,
ಮೈತುಂಬ ಗೀರು. ಆದರೆ
ಸುತ್ತ ಹತ್ತು ಬೋಲ್ಟು! ಎಣ್ಣೆ ಬಸಿಯಲು ಒಂದು ಬಿರಡೆ!
ಬೇರಿಂಗಿನ ಅಂಚಿನಲ್ಲಿ ಓದಲು ಬರುವ ನಂಬರು!
ಬೆಂಚಿನ ಮೇಲೆ ಹಳೇ ಪೇಪರು ಹಾಸಿ ಬಿಚ್ಚಿದೆ.
ಬಿಚ್ಚಿಕೊಂಡಿತು.
ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ.

ಸೀಲು ಎರಡು, ಬೇರಿಂಗು ನಾಲ್ಕು, ಮೈಸೂರಿನಲ್ಲಿ ಸಿಕ್ಕವು:
ಪಲ್ಪರ್ ಮೋಟರಿನದೇ ಅಳತೆ, ಆದರೆ ನಿಮಿಷಕ್ಕೆ
ಹದಿನಾಲ್ಕು ಸಾವಿರ ಸುತ್ತು ತಡೆಯುವ ತಳಿ.
ಕೂರಿಸಲು ಹನ್ನೆರಡು ಎಂಎಂ ಅಲ್ಯುಮಿನಿಯಂ ಪಟ್ಟಿ,
ಲೇತಿನ ಅಂತೋಣಿ ಕೊರೆದು ಕೊಟ್ಟ. ತಪ್ಪಿತು.
ಪುಲ್ಲಿ ಮೂರು ಎಂಎಂ ಹೊರಗೆ. ಬೆಲ್ಟು ಕಿರುಚಿ
ಹರಿದು ಹಾರಿ ಶೆಡ್ಡಿನ ತಗಡಿಗೆ ಬಡಿಯಿತು;
ಪಕ್ಕದ ಅಂಗಡಿಯ ಕೋಳಿಗಳೆಲ್ಲ
ಒಂದು ಕ್ಷಣ ಸುಮ್ಮನಾದವು.
ಎರಡನೇ ಸಲ ಅಳೆದದ್ದು ದೇಚಮ್ಮನೇ,
ಕನ್ನಡಕ ಹಣೆಗೇರಿಸಿ, ಉಸಿರು ಬಿಗಿಹಿಡಿದು.
ಆಮೇಲೆ ಗೊರಗೊರ ಇಲ್ಲ. ಒಂದು ಸಣ್ಣ ಶಿಳ್ಳೆ,
ತುಟಿ ಒದ್ದೆಮಾಡಿಕೊಂಡು ಈಗಷ್ಟೇ ಕಲಿತವರದು.

ಹಳೆಯದನ್ನು ಗುಜರಿಗೆ ಹಾಕುವ ಮೊದಲು
ಹಠಕ್ಕೆ ಬಿದ್ದು ಕುಯ್ದೆ. ಎರಡು ಬ್ಲೇಡು ಹೋದವು.
ಆಯುಷ್ಯಕ್ಕೆಂದು ಕಂಪನಿ ಎರೆದ ಎಣ್ಣೆ
ಅರ್ಧ ಲೋಟ, ಕಾಚಂಪುಳಿಯ ಕಪ್ಪು,
ಮಳೆಗೆ ಸಿಕ್ಕ ಹಣ್ಣುಕಾಫಿಯ ನಾತ.
ಹೋದದ್ದು ಒಂದು ಬೇರಿಂಗು.
ಅದರ ಹಿಂದೆ ಉರುಳೆಗಳು ಒಂದನ್ನೊಂದು ಕೆರೆದುಕೊಂಡಿದ್ದವು.
ಕೋಪ ಬಂತು. ಮೂರು ಸಲ ಸೋಪು ಹಾಕಿದೆ,
ನಾತವೂ ಹೋಗಲಿಲ್ಲ, ಅದೂ.

ಮೊನ್ನೆ ಮಾಕುಟ್ಟ ಹತ್ತಿ ಬಂದರು.
ಲಾರಿಯ ಮಾತೆತ್ತಲಿಲ್ಲ. ಬೆಂಚಿನ ಮೇಲೆ
ಎರಡು ಕಿತ್ತಳೆ ಇಟ್ಟು ಕೇಳಿದರು,
"ಇದು ಎಷ್ಟು ವರ್ಷ ಬರ್ತದೆ?"
"ಐದು. ಬಿಚ್ಚಿ ಜೋಡಿಸಿದರೆ ಮತ್ತೆ ಐದು."
"ಆಮೇಲೆ?"
"ಆಮೇಲೆ ನಾನು ಇರ್ತೇನೋ ಇಲ್ವೋ."
"ನಾನೂ," ಅಂದು ಒಂದನ್ನು ತಾವೇ ಸುಲಿದರು.

ಹೊರಡುವ ಮೊದಲು ಬೇರಿಂಗಿನ ಖಾಲಿ ಡಬ್ಬ ಹರಿದು
ರಟ್ಟಿನ ಮೇಲೆ ಬರೆದು ಗ್ಲೋವ್ ಬಾಕ್ಸಿನಲ್ಲಿಟ್ಟೆ:

ಮುಂದಿನ ಸಲ ಬಿಚ್ಚುವವರಿಗೆ.
ನಂಬರುಗಳು ಹಿಂಬದಿಗಿವೆ.
ಎಣ್ಣೆ ನೂರೈವತ್ತು ಎಂಎಲ್, ವರ್ಷಕ್ಕೊಮ್ಮೆ ಬಸಿಯಿರಿ.
ಬೆಲ್ಟು ಅರ್ಧ ಇಂಚು ಉದ್ದದ್ದು, ಪುಸ್ತಕ ನಂಬಬೇಡಿ.
ಎಡಗಡೆ ಮೂರನೇ ಬೋಲ್ಟಿನ ಥ್ರೆಡ್ಡು ಸವೆದಿದೆ,
ತಪ್ಪು ನನ್ನದು,
ಮೆಲ್ಲಗೆ.