ತಂತಿಯೂ ನಾರೂ

ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನ ಎದುರಂಗಡಿಯಲ್ಲಿ
ನೂರೈವತ್ತಕ್ಕೆ ಕೊಂಡ ಇಯರ್‌ಫೋನು.
ಜೊತೆಗೊಂದು ಪುಟಾಣಿ ಚೀಲ, ಒಳಗೆ ರಬ್ಬರಿನ ಟೋಪಿಗಳು,
ದೊಡ್ಡವು ಎರಡು, ಸಣ್ಣವು ಎರಡು.
ನಡುವಿನವು ಆಗಲೇ ತಲೆಗೇರಿ ಕೂತಿದ್ದವು.

ಬಲಗಿವಿಗೆ ನಡುವಿನದು ಸರಿ.
ಎಡಗಿವಿಗೆ ಯಾವುದೂ ಅಲ್ಲ.
ಸಣ್ಣದು, ಬಗ್ಗಿದ ಕೂಡಲೇ ಜಾರಿ ಹೂವಿನ ರಾಶಿಗೆ;
ದೊಡ್ಡದು ಹಲ್ಲುನೋವಿನ ಹಾಗೆ ದವಡೆಯವರೆಗೆ ಒತ್ತುತ್ತದೆ.
ಐವತ್ತೊಂದು ವರ್ಷ ಒಂದೇ ತಲೆಯ ಎರಡು ಬದಿಗಿದ್ದೂ
ಇವೆರಡು ಒಂದೇ ಅಳತೆಯವಲ್ಲ ಎಂದು ಹೇಳಲಿಕ್ಕೆ
ಒಂದು ಚೂರು ರಬ್ಬರು ಬೇಕಾಯಿತು.
ಕಿವಿ ಚುಚ್ಚಿದ ಆಚಾರಿಯೂ ಹೇಳಿರಲಿಲ್ಲ.

ಹೆಸರು ಗುಲಾಬಿ, ಕಟ್ಟುವುದು ಮಲ್ಲಿಗೆ.
ತಮಾಷೆ ಹಳತಾಯಿತು, ಶಂಕರಪುರದಲ್ಲಿ ಈಗ ಯಾರೂ ನಗುವುದಿಲ್ಲ.
ಎಂಟಕ್ಕೆ ಕೂತರೆ ಹತ್ತೂವರೆಗೆ ಫೆಲಿಕ್ಸನ ಸ್ಕೂಟರು,
ಅಷ್ಟರೊಳಗೆ ಎರಡು ಚೆಂಡು.
ಒದ್ದೆ ಬಾಳೆನಾರು, ನಾಲ್ಕು ಮೊಗ್ಗು, ಒಂದು ಗಂಟು.
ಕೈಗೆ ಗೊತ್ತು. ಕಿವಿಗೆ ಮಾತ್ರ ಕೆಲಸವಿಲ್ಲ ಎಂದು
ಫೋನಿನಲ್ಲಿ ರೇಡಿಯೋ ಹಚ್ಚಿಕೊಂಡದ್ದು.

ಕೇಳುವುದೆಂತ?
ಕಾಳುಮೆಣಸಿನ ಸೊರಗುರೋಗಕ್ಕೆ ಮದ್ದು ಹೇಳುವಾಗ
ನಡುವೆ ಜರಕ್.
ಮೀನುಗಾರರಿಗೆ ಎಚ್ಚರಿಕೆ, ಜರಕ್, ಗಾಳಿಯ ವೇಗ ಗಂಟೆಗೆ, ಜರಕ್,
ಎಷ್ಟೆಂದು ಸಮುದ್ರಕ್ಕೇ ಗೊತ್ತು.
ಸ್ಟೇಷನ್ನಿನವರಿಗೆ ಎರಡು ದಿನ ಬೈದೆ.
ಮೂರನೇ ದಿನ ಕೈ ನಿಲ್ಲಿಸಿದೆ, ಅದೂ ನಿಂತಿತು.
ಮೊಣಕೈ ಎತ್ತಿದೆ, ಬಂತು.
ತಂತಿ ನೈಟಿಯ ಗುಂಡಿಗೆ ಉಜ್ಜಿ
ಸದ್ದು ನೇರ ತಲೆಬುರುಡೆಗೆ ಹತ್ತುತ್ತಿತ್ತು,
ಗೋಡೆ ಹತ್ತುವ ಇರುವೆ ಸಾಲಿನ ಹಾಗೆ.
ಉಗುಳು ನುಂಗಿದರೆ ಗುಳುಂ.
ಅವಲಕ್ಕಿ ಜಗಿದರೆ ಜಲ್ಲಿಕಲ್ಲಿನ ಲಾರಿ.
ನನ್ನೊಳಗೆ ಇಷ್ಟು ಗಲಾಟೆ ಉಂಟೆಂದು ಗೊತ್ತೇ ಇರಲಿಲ್ಲ ಮಾರಾಯ್ತಿ.

ತಂತಿಯಿಲ್ಲದ್ದು ತಗೊಳ್ಳಿ ಅಂದ ನಾದಿನಿಯ ಮಗ ಸುಜಿತ.
ಅದರಲ್ಲಿ ರೇಡಿಯೋ ಬರುವುದಿಲ್ಲವಲ್ಲ,
ನನ್ನ ಫೋನಿಗೆ ಈ ತಂತಿಯೇ ಆಂಟೆನಾ.
ಹಾಗಾದರೆ ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ,
ಕೊರಳ ಹತ್ತಿರ ಕ್ಲಿಪ್ಪು ಹಾಕಿ ಅಂದ.
ಕ್ಲಿಪ್ಪು ಎಲ್ಲಿಂದ? ನಾರಿನಲ್ಲಿ ಗಂಟು ಬಿಗಿದು
ನೈಟಿಯ ಕಾಜಕ್ಕೆ ಕಟ್ಟಿದೆ.
ಎಡಗಿವಿಯ ಸಣ್ಣ ಟೋಪಿಯ ಅಡಿಗೆ ಎರಡು ಸುತ್ತು ನಾರು;
ಕೂತಿತು, ಮುಚ್ಚಳದ ಹಾಗೆ.
ಆಹಾ, ಜರಕ್ ಇಲ್ಲ.

ರೇಡಿಯೋವೂ ಇಲ್ಲ.
ಸುತ್ತಿ ಕಟ್ಟಿದ ತಂತಿಗೆ ಮಂಗಳೂರು ಸಿಗುವುದಿಲ್ಲ.
ಬಾವಿಕಟ್ಟೆಯ ತೆಂಕು ಬದಿಗೆ ಮಣೆ ಎಳೆದು
ತಲೆ ಸ್ವಲ್ಪ ವಾಲಿಸಿದರೆ ಅರ್ಧ ಭಾವಗೀತೆ;
ಕುತ್ತಿಗೆ ಹಿಡಿದು, ಉಳಿದರ್ಧ ಅಲ್ಲೇ ಉಳಿಯಿತು.

ಆ ವಾರವೇ ಫೆಲಿಕ್ಸ್ ಹೇಳಿದ್ದು,
ಗುಲಾಬಿಯಕ್ಕಾ, ಚೆಂಡಿಗೆ ನಲವತ್ತು ಹೂ ಕಮ್ಮಿ ಬರ್ತಾ ಉಂಟು.
ಮೂವತ್ತು ವರ್ಷದಲ್ಲಿ ಯಾರೂ ನನಗೆ ಅನ್ನದ ಮಾತು.
ಮೆಲ್ಲಗೆ ಹೇಳಿದ. ಅದಕ್ಕೇ ಹೆಚ್ಚು ಉರಿಯಿತು.

ಈಗ ಕಾಜದ ಗಂಟು ಬಿಚ್ಚಿದ್ದೇನೆ,
ತಂತಿ ಮೊದಲಿನ ಹಾಗೆ ಎದೆಯ ಮೇಲೆ ನೇತಾಡುತ್ತದೆ.
ರೇಡಿಯೋ ಸಣ್ಣಗೆ,
ಆಚೆಮನೆಯಲ್ಲಿ ಯಾರೋ ಮಾತಾಡಿದಷ್ಟು.
ಒಂದು ಗಂಟಿಗೆ ಒಂದು ಜರಕ್, ನಾಲ್ಕು ಹೂ.
ಇಪ್ಪತ್ತೈದು ಜರಕ್ಕಿಗೆ ನೂರು, ಒಂದು ಹುಣಿಸೆ ಬೀಜ ಆಚೆ.
ಎಂಟು ಬೀಜಕ್ಕೆ ಚೆಂಡು.
ಗಾಳಿಯ ವೇಗ ಇವತ್ತೂ ತಪ್ಪಿಹೋಯಿತು.
ಎಡಗಿವಿಯ ನಾರು ಒಣಗಿದರೆ ಸಡಿಲ,
ಉಗುಳು ಹಚ್ಚಿ ಮತ್ತೆ ಸುತ್ತುವುದು.
ಯಾರೂ ನೋಡುವುದಿಲ್ಲ.

ಹತ್ತೂವರೆ. ಎರಡನ್ನೂ ಕೀಳುತ್ತೇನೆ, ಪುಟ್, ಪುಟ್.
ಒಮ್ಮೆಲೇ ಕಾಗೆ, ಕುಕ್ಕರು, ತೋಟದ ಪಂಪು,
ಎಷ್ಟು ಹೊತ್ತಿನಿಂದ ಕರೆಯುತ್ತಿದ್ದರೋ ಇವರು,
ಕಿವಿ ಕೇಳುದಿಲ್ವಾ ನಿನಗೆ?
ಹೂವಿನ ಬುಟ್ಟಿ ಎತ್ತಿಕೊಂಡು ಅಂಗಳಕ್ಕೆ ಹೋದೆ.

ಫೆಲಿಕ್ಸ್ ಚೆಂಡನ್ನು ಅಂಗೈಯಲ್ಲಿ ತೂಗಿದ,
ಮತ್ತೊಮ್ಮೆ ತೂಗಿದ,
ಏನೂ ಹೇಳದೆ ಸ್ಕೂಟರು ತಿರುಗಿಸಿದ.