ತೊಂಬತ್ತು ದಿನದ ವರದಿ

ಕೇಳಿದವರು ಸೆಕ್ರೆಟರಿ ಕರಂದೀಕರ್ ಸಾಹೇಬರು:
"ನಾಳೆ ಎಲ್ಲವೂ ನಿಂತುಹೋದರೆ
ತೊಂಬತ್ತು ದಿನ ಈ ಸೊಸೈಟಿ ಬದುಕೀತೇ?
ನೀವು ಫೌಜಿನಲ್ಲಿ ರೇಷನ್ ತೂಗಿದವರು, ಬರೆದುಕೊಡಿ."

ಹೌದು, ತೂಗಿದ್ದೇನೆ ಇಪ್ಪತ್ತೆರಡು ವರ್ಷ,
ಲೇಹದಲ್ಲಿ ಸೀಮೆಎಣ್ಣೆ, ಜೈಸಲ್ಮೇರಿನಲ್ಲಿ ನೀರು.
ತಕ್ಕಡಿಗೆ ಸುಳ್ಳು ಕಲಿಸಿದವನಲ್ಲ.

ವಾಘೋಲಿಯ ಈ ಮೂರು ಗೋಪುರ,
ಹದಿನಾಲ್ಕು ಮಹಡಿ, ಇನ್ನೂರ ಹನ್ನೆರಡು ಮನೆ.
ಬೋರು ಆರುನೂರು ಅಡಿ. ಹರಳು ಹಾಕಿ ಕಿವಿಗೊಟ್ಟೆ:
ಸದ್ದು ಬರಲು ಹೊತ್ತಾಯಿತು, ಬಂದದ್ದೂ ಒಣ ಸದ್ದು.
ದಿನಕ್ಕೆ ಹನ್ನೊಂದು ಟ್ಯಾಂಕರ್ ಬಂದರೆ
ಹಲ್ಲುಜ್ಜುವ ಊರು ಇದು.
ಜನರೇಟರಿಗೆ ಡೀಸೆಲ್ ಏಳು ತಾಸಿನದು;
ಎಂಟನೆಯ ತಾಸಿಗೆ ಹದಿಮೂರನೆಯ ಮಹಡಿಯ ಆಪಟೆ ಆಜಿ
ಕಾಶಿಗಿಂತ ದೂರ.

ಬಾಲ್ಕನಿಗಳನ್ನೂ ಬಿಡಲಿಲ್ಲ. ಪುದೀನ ಬಹಳ.
ಕುಂಡದಲ್ಲೊಂದು ನಿಂಬೆಗಿಡ, ನಾಲ್ಕು ಕಾಯಿ;
ಐದನೆಯದನ್ನು ಪಾರಿವಾಳ ಕೆಡವಿತೆಂದು ದೂರಿನ ಅರ್ಜಿ ಇದೆ.
ಪುದೀನ ತಿಂದು ತೊಂಬತ್ತು ದಿನ ಉಳಿದವರನ್ನು
ನನ್ನ ಸರ್ವಿಸಿನಲ್ಲಿ ಕಾಣೆ.

ಸಿ ವಿಂಗಿನ ಹುಡುಗ ಮಿಹಿರ್ ಮಾತ್ರ ತಯಾರಾಗಿದ್ದ.
ಮಂಚದ ಕೆಳಗೆ ನಲವತ್ತು ಡಬ್ಬಿ ಬಟಾಣಿ,
ಒಂದು ಬಿಲ್ಲು, ಎಂಥ ಕೊಚ್ಚೆಯನ್ನೂ ಶುದ್ಧ ಮಾಡುವ ಕೊಳವೆ.
"ಶುದ್ಧ ಮಾಡಲು ನೀರೆಲ್ಲಿದೆ ಮಗು?"
ಅದನ್ನಿನ್ನೂ ಆರ್ಡರ್ ಮಾಡಿಲ್ಲವಂತೆ.

ನಮ್ಮಜ್ಜನ ಮನೆ ಮುಂದೆ ಹಗೇವು ಇತ್ತು.
ಜೋಳ ಸುರಿದು, ಹುಲ್ಲು ಹೊದಿಸಿ, ಮಣ್ಣು ಮೆತ್ತಿದರೆ
ನೆಲದ ಹೊಟ್ಟೆಯಲ್ಲಿ ಮೂರು ವರ್ಷ
ಉಸಿರು ಬಿಗಿಹಿಡಿದು ಕೂತಿರುತ್ತಿತ್ತು ಕಾಳು.
ತೆಗೆಯುವ ದಿನ ಮೊದಲು ಕಂದೀಲು ಇಳಿಬಿಡುವರು;
ದೀಪ ಉಳಿದರಷ್ಟೇ ಮನುಷ್ಯ ಇಳಿಯುವುದು.
ಇಲ್ಲಿ ನೆಲದ ಹೊಟ್ಟೆ ತುಂಬ ಕಾರು, ಎರಡು ಅಂತಸ್ತು,
ಹಗಲೂ ದೀಪ.

ಕಂಪೌಂಡಿನಾಚೆ ಹೊಸ ಕಟ್ಟಡದವರ ತಗಡಿನ ಸಾಲು.
ಅದನ್ನು ಅಳೆಯಲು ಯಾರೂ ಹೇಳಿರಲಿಲ್ಲ.
ಚಟ. ಹೋದೆ.
ಇಂಡಿ ತಾಲ್ಲೂಕಿನ ಗುರಬಾಯಿ, ಮೂರು ಕಲ್ಲಿನ ಒಲೆ,
ಉರಿಗೆ ಸೆಂಟ್ರಿಂಗ್ ಹಲಗೆಯ ಚೂರು,
ಬಟ್ಟೆಗಂಟಿನಲ್ಲಿ ಆಳೆತ್ತರ ಕಟಕ ರೊಟ್ಟಿ,
ಡಾಲ್ಡಾ ಡಬ್ಬಿಯಲ್ಲಿ ಶೇಂಗಾ ಹಿಂಡಿ.
ನಾಲ್ಕು ಜೀವಕ್ಕೆ ದಿನಕ್ಕೆ ಮೂರು ಕೊಡ, ಅದರಲ್ಲೇ ಮೈ, ಅದರಲ್ಲೇ ಮುಸುರೆ.
ನಲವತ್ತು ದಿನ ಸಲೀಸು, ಎಂದು ಬರೆದು
"ನೀ ಗೆದ್ದಿ ತಂಗಿ" ಅಂದೆ.

ಆಕೆ ನಕ್ಕಳು.
"ಕೊಡ ಎಲ್ಲಿ ತುಂಬತೇನಿ ಗೊತ್ತೈತೇನ್ರಿ ಹವಾಲ್ದಾರ್ರ?
ನಿಮ್ಮ ಗೇಟಿನ ಪೈಪಿಗೆ ಟ್ಯಾಂಕರ್ ಹಚ್ಚಿದಾಗ
ಕಪ್ಲಿಂಗ್ ಸೋರತೈತಲ್ಲ, ಅದರ ಬುಡಕ.
ಟ್ಯಾಂಕರ್ ಬರೂದು ನಿಂತ್ರ
ನೀವು ಸೋಮಾರ ಹೋಗ್ರಿ, ನಾವು ಮಂಗಳಾರ. ಅಷ್ಟ ಫರಕು."
ಅಂದು ರೊಟ್ಟಿ ಮುರಿದು ಕೈಗಿಟ್ಟಳು.

ಹನ್ನೊಂದು ಪುಟದ ವರದಿ ಒಪ್ಪಿಸಿದೆ.
ಮೀಟಿಂಗಿನಲ್ಲಿ ಮಿಕ್ಕದ್ದನ್ನು ಯಾರೂ ಮುಟ್ಟಲಿಲ್ಲ,
ಏಳನೆಯ ಪುಟದ ಒಂದು ಸಾಲಿಗೆ ಮಾತ್ರ ಕೆಂಪು ಗೆರೆ:
ಗೇಟಿನ ಕಪ್ಲಿಂಗ್ ಸೋರಿಕೆ, ದಿನಕ್ಕೆ ಸುಮಾರು ನೂರೈವತ್ತು ಲೀಟರ್.
ನಾನೇ ಬರೆದದ್ದು. ನನ್ನದೇ ದುಂಡಗಿನ ಅಕ್ಷರ.
ಕೂಡಲೇ ದುರಸ್ತಿಗೆ ಠರಾವು ಪಾಸಾಯಿತು.
ಖರ್ಚು ಹದಿನೈದು ರೂಪಾಯಿ, ಒಂದು ರಬ್ಬರ್ ವಾಷರು.

ಆ ವಾಷರು ನನ್ನ ಜೇಬಿನಲ್ಲಿದೆ, ಎಂಟು ದಿನದಿಂದ.
ರಿಜಿಸ್ಟರಿನ ಹೊಸ ಕಾಲಮ್ಮಿನಲ್ಲಿ ದಿನವೂ ತುಂಬಬೇಕು:
ಸೋರಿಕೆ ಇದೆ, ಸೋರಿಕೆ ಇಲ್ಲ.

ಬೆಳಗಿನ ಆರರ ಟ್ಯಾಂಕರ್ ಬಂದಿದೆ.
ಮೊದಲ ಕೊಡ ಬುಡದಲ್ಲಿ ಗೊರಗೊರ ಅಂದು
ತುಂಬುತ್ತ ತುಂಬುತ್ತ ದನಿ ಸಣ್ಣಗಾಗಿ ಮೇಲೇರುತ್ತದೆ.
ಎರಡನೆಯದು.
ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ,
ಮೂರನೆಯದೂ ತುಂಬಲಿ,
ಆಮೇಲೆ ಬರೆಯುತ್ತೇನೆ, ಇಲ್ಲ ಎಂದು.