ಬೆಲೆಯ ಖಾನೆ

ನನ್ನ ಹೆಸರು ಆಗಲೇ ಯಾರದೋ ಪಾಲಾಗಿತ್ತು.
ದಾವಣಗೆರೆಯ ಹಲ್ಲಿನ ಡಾಕ್ಟರೊಬ್ಬರು
ನನ್ನ ವಿಳಾಸದಲ್ಲಿ ನಗುತ್ತ ಕೂತಿದ್ದರು.
"ಹಿಂದೆ ಒಂದು ಅಕ್ಷರ ಸೇರಿಸೋಣ ಆಂಟಿ" ಅಂದಳು ಮುಬೀನಾ,
ಕೆಳಗಿನ ಜೆರಾಕ್ಸ್ ಅಂಗಡಿಯವಳು,
ಗಿರಾಕಿ ಇಲ್ಲದ ಮಧ್ಯಾಹ್ನ ನನಗೊಂದು ಮಳಿಗೆ ಕಟ್ಟುತ್ತಿರುವವಳು.
ವರ್ಷಕ್ಕೊಮ್ಮೆ ಬಾಡಿಗೆ ಉಂಟು, ಬೀಗವಿಲ್ಲ.

ಹಾಳೆಗಳನ್ನೆಲ್ಲ ತಾರಸಿಗೆ ಹೊತ್ತೆವು.
ಕಾಟನ್‌ಪೇಟೆಯಲ್ಲಿ ಒಳ್ಳೆ ಬೆಳಕು
ಏಳರಿಂದ ಏಳೂ ಮುಕ್ಕಾಲು;
ಆಮೇಲೆ ಎದುರಿನ ಲಾಡ್ಜಿನ ಟ್ಯಾಂಕು ಅಡ್ಡ.
ಒಣಹಾಕಿದ ಸೀರೆಯ ಕೆಂಪು ಎರಡರ ಮೇಲೆ ಬಿತ್ತು, ಮತ್ತೆ ತೆಗೆದೆವು.
ಮೂರು ದಿನ ಬೆರೆಸಿ ಬೆರೆಸಿ ಹಿಡಿದ ನೀಲಿ
ಅವಳ ಫೋನಿನಲ್ಲಿ ಸೀಮೆಎಣ್ಣೆಯದು,
ನನ್ನದರಲ್ಲಿ ಸ್ಕೂಲ್ ಯೂನಿಫಾರಮ್ಮಿನದು.
ಯಾವುದು ಸರಿ?
"ನೋಡೋರ ಫೋನ್ ಮೇಲೆ ಹೋಗತ್ತೆ."

ನಿಮ್ಮ ಬಗ್ಗೆ ಬರೆಯಿರಿ, ಅಂತೊಂದು ಖಾಲಿ ಜಾಗ.
ಬರೆದೆ: ಹಲಸಿನ ಹಲಗೆ ಕೆತ್ತುತ್ತೇನೆ. ಎಡಚಿ.
ಬಸ್ಸಿನಲ್ಲಿ ತೂಕಡಿಸುವವರ ಮುಖ ಕದಿಯುತ್ತೇನೆ.
ಮುಬೀನಾ 'ಕದಿಯುತ್ತೇನೆ' ಅಳಿಸಿ 'ಚಿತ್ರಿಸುತ್ತೇನೆ' ಮಾಡಿದಳು.
ರಾತ್ರಿ ಒಬ್ಬಳೇ ಕೂತು ವಾಪಸ್ ಕದ್ದೆ.

ಕೊನೆಗೆ ಬೆಲೆ.
ಚಿತ್ರಸಂತೆಯ ಫುಟ್‌ಪಾತಿನಲ್ಲಿ ಅದು ಬಾಯಲ್ಲಿರುತ್ತಿತ್ತು,
ಬಂದವರ ಚಪ್ಪಲಿ ನೋಡಿ ಏರುವುದು, ಬಿಸಿಲು ನೋಡಿ ಇಳಿಯುವುದು.
"ಎರಡು ತಗೊಂಡ್ರೆ?" ಎನ್ನುವರು.
ಸಂಜೆ, ಆಟೋ ಕಾಸಿಗಾದರೂ ಆಗಲಿ ಎಂದು
ಒಂದನ್ನು ಕೊಟ್ಟೇಬಿಡುವೆ.
ಇಲ್ಲಿ ಬರೆದರೆ ಬರೆದದ್ದೇ.
ಕಾಗದ, ಮಸಿ, ಅವೆನ್ಯೂ ರಸ್ತೆಯ ಫ್ರೇಮು ಕೂಡಿದೆ,
ಮೊಣಕೈ ನೋವನ್ನು ಯಾವ ಸಾಲಿನಲ್ಲಿ ಕೂಡಲಿ?
ಒಂದು ಸೊನ್ನೆ ಹೆಚ್ಚಿಗೆ ಬಿದ್ದು
ಹತ್ತು ನಿಮಿಷ ಬಲು ದೊಡ್ಡ ಕಲಾವಿದೆಯಾಗಿದ್ದೆ.

ಆರನೆಯದು ಅಕ್ಕ.
ದಿನವಿಡೀ ಅಗರಬತ್ತಿ ಹೊಸೆದು ಬಂದು
ಕಪ್ಪು ಬೆರಳು ತೊಳೆಯದೆ
ಗೋಡೆಗೊರಗಿ ನಿದ್ದೆಹೋದವಳು.
ಅದಕ್ಕೆ ಬೆಲೆ ಹಾಕಲಿಲ್ಲ.
ಖಾನೆ ಖಾಲಿ ಬಿಟ್ಟರೆ ಯಂತ್ರ ಒಪ್ಪದು, ಕೆಂಪಗೆ ಗದರುತ್ತದೆ.
"ತೆಗೆದುಬಿಡ್ಲಾ ಆಂಟಿ?"
ಬೇಡ, ನೋಡಲಿ. 'ಮಾರಾಟವಾಗಿದೆ' ಅಂತ ಹಾಕು.

ಇವತ್ತಿಗೆ ಹದಿನೆಂಟು ದಿನ.
ಬಂದವರು ಮೂವತ್ತೊಂದು, ಅದರಲ್ಲಿ ಹತ್ತು ಸಲ ನಾನೇ.
ಒಂದೂ ಹೋಗಿಲ್ಲ.
ಜೆ.ಪಿ. ನಗರದಿಂದ ಒಬ್ಬರು ಕೇಳಿದ್ದಾರೆ:
ಆ ಆರನೆಯದರ ಇನ್ನೊಂದು ಪ್ರತಿ ಸಿಗಬಹುದೇ?

ಹಲಗೆ ಮಂಚದ ಕೆಳಗಿದೆ. ಮಸಿಯೂ ಇದೆ.
ಉತ್ತರ ಬರೆಯಲಾಗದೆ ಅವಳನ್ನೇ ಕೇಳಿದೆ.
ಅಕ್ಕಿ ಆರಿಸುತ್ತಿದ್ದವಳು ಕತ್ತೆತ್ತದೆ
ಎಷ್ಟಕ್ಕೆ, ಅಂದಳು.